ಓದದ ಪುಟ ಮುಂದೆ ಬಂದಾಗ

ಹಳೇ ಹುಬ್ಬಳ್ಳಿಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಾನು ಶನಿವಾರಕ್ಕೊಮ್ಮೆ ಹೋಗುತ್ತೇನೆ. ಏಳನೆಯ ತರಗತಿಯ ಮಕ್ಕಳ ಜೊತೆ ಒಂದು ತಾಸು ಓದು, ಬರಹ. ಒಂದು ಶನಿವಾರ ಐದಾರು ಸಾಲಿನ ಗದ್ಯವನ್ನು ನಾನೇ ಬರೆದು ಹಲಗೆಯ ಮೇಲೆ ಹಾಕಿದ್ದೆ. ನವಲಗುಂದದ ಕಡೆಯ ಒಬ್ಬ ರೈತ. ಆ ವರ್ಷ ಮಿರಗಾ ಮಳೆ ಆಗಲಿಲ್ಲ. ಹಾಗಾಗಿ ಅವನು ಹೆಸರು ಬಿತ್ತಲಿಲ್ಲ. ಎರಿ ಹೊಲವನ್ನು ಹರಗಿ ಹಾಗೇ ಬಿಟ್ಟು, ಹಿಂಗಾರಿಗೆ ಕಡಲೆ ಹಾಕಿದ. ನಾನು ಕೇಳಿದ ಪ್ರಶ್ನೆ ಇಷ್ಟೇ: ಮುಂಗಾರಿನಲ್ಲಿ ಆ ಹೊಲದಲ್ಲಿ ಯಾವ ಬೆಳೆ ಇತ್ತು? ಅರ್ಧಕ್ಕೂ ಹೆಚ್ಚು ವಹಿಗಳಲ್ಲಿ ‘ಹೆಸರು’ ಎಂಬ ಉತ್ತರವಿತ್ತು. ಆ ಗದ್ಯವನ್ನು ಎಲ್ಲೂ ತಡವರಿಸದೆ ಗಟ್ಟಿಯಾಗಿ ಓದಿ ತೋರಿಸಿದ್ದ ಹುಡುಗಿ ಎದ್ದು ನಿಂತು, “ಸರ್, ಹೆಸರು ಯಾಕ ಬಿತ್ತತಾರ್ರಿ?” ಎಂದು ಕೇಳಿದಳು. ಅವಳಿಗೆ ಹೆಸರು ಎಂದರೆ ಹಾಜರಿ ಪುಸ್ತಕದಲ್ಲಿ ಕರೆಯುವ ಹೆಸರು. ಹಿಂದಿನ ಸಾಲಿನಲ್ಲಿ ಅಣ್ಣಿಗೇರಿಯಿಂದ ಬಂದು ಸೇರಿದ್ದ ಹುಡುಗನೊಬ್ಬ ಅವಳಿಗೆ ತಿಳಿಸಿ ಹೇಳಿದ: “ಹೆಸರ ಬ್ಯಾಳಿ ಮಾಡತೀರಲ್ಲ, ಅವು.” ವಾರದ ಓದಿನಲ್ಲಿ ಸದಾ ಹಿಂದೆ ಬೀಳುವ ಹುಡುಗ ಅವನು. ಅವನ ಉತ್ತರ ಮಾತ್ರ ಸರಿಯಿತ್ತು: ಏನೂ ಇರಲಿಲ್ಲ.

ಅಕ್ಷರ ಓದುವುದು ಬೇರೆ, ಓದಿದ್ದು ತಿಳಿಯುವುದು ಬೇರೆ. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ವಿದ್ವಾಂಸರು ಇದನ್ನೇ ಒಂದು ಗುಣಾಕಾರವಾಗಿ ಮುಂದಿಟ್ಟರು. ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ತಿಳಿಯುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದು. ಎರಡರಲ್ಲಿ ಒಂದು ಸೊನ್ನೆಯಾದರೂ ಓದು ಸೊನ್ನೆ. ಎರಡು ವರ್ಷದ ನಂತರ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಅವರು ಏಳು ಮತ್ತು ಎಂಟನೆಯ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ನಮ್ಮ ಅಣ್ಣಿಗೇರಿ ಹುಡುಗನ ವಹಿಯಲ್ಲಿ ನಾನು ಕಂಡದ್ದೂ ಅದೇ.

ಈ ಹಿನ್ನೆಲೆಯಲ್ಲಿ ಹುಬ್ಬಳ್ಳಿ-ಧಾರವಾಡದ ಮಾಧ್ಯಮಿಕ ಹಂತದ ಮಕ್ಕಳನ್ನು, ಅಂದರೆ ಐದರಿಂದ ಎಂಟನೆಯ ತರಗತಿಯವರನ್ನು, ಓದು-ಬರಹದ ಪರೀಕ್ಷೆಗೆ ನಾವು ಹೇಗೆ ಅಣಿಗೊಳಿಸುತ್ತಿದ್ದೇವೆ ಎಂದು ನೋಡಬೇಕು. ನನಗೆ ಕಾಣುವ ಮೂಲ ದೋಷ ಒಂದೇ. ಮಾಸ್ತರು ಬಿಡಿಸಿ ಹೇಳಿದ ಪಾಠ, ಅಕ್ಕೋರು ಹಲಗೆಯ ಮೇಲೆ ಬರೆಸಿದ ಉತ್ತರ, ಗೈಡಿನಲ್ಲಿರುವ ಪ್ರಬಂಧ: ಇವುಗಳ ಮೇಲೆಯೇ ಪರೀಕ್ಷೆ ನಡೆಯುತ್ತದೆ, ಇವುಗಳಿಗಾಗಿಯೇ ಸಿದ್ಧತೆ ನಡೆಯುತ್ತದೆ. ಮಗು ಮೊದಲ ಸಲ ಕಾಣುವ ಪುಟವನ್ನು ತಾನೊಂದೇ ಕುಳಿತು ಓದಿ ತಿಳಿದುಕೊಳ್ಳುವ ಸಂದರ್ಭ ವರ್ಷಕ್ಕೆ ಎಷ್ಟು ಸಲ ಬರುತ್ತದೆ? ತನ್ನದೇ ಮಾತನ್ನು ಹತ್ತು ಸಾಲು ಬರೆಯುವ ಸಂದರ್ಭ? ಅದು ಬಾರದಿದ್ದರೆ ನಾವು ಅಳೆಯುವುದು ನೆನಪನ್ನು.

ನಮ್ಮ ಭಾಗಕ್ಕೆ ಪರೀಕ್ಷೆ ಹೊಸದಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಕನ್ನಡ ಸಾಲಿಯ ಏಳನೇತ್ತ ಮುಗಿಸಿದವರು ಮುಲ್ಕಿ ಪರೀಕ್ಷೆಗೆ ಕೂಡುತ್ತಿದ್ದರು. ಮುಲ್ಕಿ ಪಾಸಾದವರು ಪ್ರಾಥಮಿಕ ಶಾಲೆಯ ಮಾಸ್ತರಾಗಬಹುದಿತ್ತು, ತಲಾಟಿಯಾಗಬಹುದಿತ್ತು. ಅದಕ್ಕೂ ಹಿಂದೆ, ಈ ಪ್ರದೇಶದ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ ಇದ್ದಾಗ, ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ಕಟ್ಟಿ ನಿಲ್ಲಿಸಿದರು. 1871ರಲ್ಲಿ ಶೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದವರೂ ಅವರೇ. ಕನ್ನಡ ಶಾಲೆ ತೆರೆದರೆ ಸಾಲದು, ಓದಲು ಕನ್ನಡದಲ್ಲಿ ಏನಾದರೂ ಇರಬೇಕು ಎಂಬುದು ಆ ತಲೆಮಾರಿಗೆ ಗೊತ್ತಿತ್ತು. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವೂ ಪುಸ್ತಕ ಪ್ರಕಟಣೆಯನ್ನು ತನ್ನ ಮುಖ್ಯ ಕೆಲಸಗಳಲ್ಲಿ ಒಂದಾಗಿ ಇಟ್ಟುಕೊಂಡಿತು. ‘ಆಗಿನ ಮುಲ್ಕಿ ಈಗಿನ ಡಿಗ್ರಿಗೆ ಸಮ’ ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಮಾತಿನಲ್ಲಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮುಲ್ಕಿಯವರೆಗೆ ತಲುಪುತ್ತಿದ್ದವರೇ ಕೆಲವರು. ಉಳಿದವರು ಎಮ್ಮೆ ಕಾಯಲು, ಹೊಲದ ಕೆಲಸಕ್ಕೆ ಎಂದೋ ಹೊರಟುಹೋಗಿರುತ್ತಿದ್ದರು, ಹೆಣ್ಣುಮಕ್ಕಳಂತೂ ಬೆರಳೆಣಿಕೆ. ಇಂದು ಏಳನೆಯ ತರಗತಿಯಲ್ಲಿ ಎಲ್ಲರ ಮಕ್ಕಳೂ ಕುಳಿತಿದ್ದಾರೆ. ಸೋಸಿ ಹೊರಗಿಡುವ ಪರೀಕ್ಷೆ ಇವರಿಗೆ ಒಗ್ಗುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದೂ ಈ ತಿಳಿವಳಿಕೆಯಿಂದಲೇ. ಎಂಟನೆಯ ತರಗತಿ ಮುಗಿಯುವವರೆಗೆ ಮಂಡಳಿ ಪರೀಕ್ಷೆ ಬೇಡ, ವರ್ಷವಿಡೀ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಇರಲಿ ಎಂದಿತು ಕಾಯ್ದೆ. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಎಂಬ ಲೆಕ್ಕ ನಮ್ಮ ಶಾಲೆಗಳಿಗೆ ಬಂತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆಗೆ ಮತ್ತೆ ದಾರಿ ತೆರೆಯಿತು. 2023 ಮತ್ತು 2024ರಲ್ಲಿ ಮಕ್ಕಳು ಪಟ್ಟ ಪಾಡನ್ನು ಪಾಲಕರು ಮರೆತಿಲ್ಲ. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ಐದು, ಎಂಟರ ಪರೀಕ್ಷೆಯ ಸುತ್ತೋಲೆಗಳನ್ನು ರದ್ದುಪಡಿಸಿತು. 15ರಂದು ವಿಭಾಗೀಯ ಪೀಠ ಅನುಮತಿ ಕೊಟ್ಟಿತು. 27ರಂದು ಪರೀಕ್ಷೆ ಶುರುವಾಯಿತು. ಮರುವರ್ಷ ಇನ್ನೂ ಹೆಚ್ಚಿನ ಗೊಂದಲ. 2024ರ ಮಾರ್ಚ್ 6ರಂದು ರದ್ದು, ಮರುದಿನವೇ ತಡೆಯಾಜ್ಞೆ, 11ರಂದು ಪರೀಕ್ಷೆ ಆರಂಭ, 12ರಂದು ಸುಪ್ರೀಂ ಕೋರ್ಟಿನ ಆದೇಶದಿಂದ ಅರ್ಧಕ್ಕೆ ನಿಲುಗಡೆ, 22ರಂದು ಮತ್ತೆ ಅನುಮತಿ, 25ರಿಂದ ಉಳಿದ ವಿಷಯಗಳು, ಏಪ್ರಿಲ್ 8ರಂದು ಫಲಿತಾಂಶ ಪ್ರಕಟಣೆಗೆ ತಡೆ. ಆ ದಿನಗಳಲ್ಲಿ ಪರೀಕ್ಷೆ ಇದೆಯೋ ಇಲ್ಲವೋ ಎಂದು ಕೇಳುತ್ತ ಮಕ್ಕಳು ಶಾಲೆಯ ಗೇಟಿನ ಮುಂದೆ ನಿಂತಿದ್ದರು. ಪರೀಕ್ಷೆ ಬೇಕೇ ಬೇಡವೇ ಎಂಬ ಆ ವಾದದಲ್ಲಿ, ಪ್ರಶ್ನೆಪತ್ರಿಕೆಯಲ್ಲಿ ಏನಿರಬೇಕು ಎಂಬುದರ ಬಗ್ಗೆ ಮಾತು ಬಹಳ ಕಡಿಮೆ ಕೇಳಿಬಂತು. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ ಪ್ರಶ್ನೆ.

ದೊಡ್ಡ ಸಮೀಕ್ಷೆಗಳು ಏನು ಹೇಳುತ್ತವೆ? ಪ್ರಥಮ್ ಸಂಸ್ಥೆಯ ‘ಅಸರ್’ ವರದಿಗಾಗಿ ಸ್ವಯಂಸೇವಕರು ಹಳ್ಳಿಯ ಮನೆಗಳಿಗೇ ಹೋಗಿ, ಒಂದೊಂದು ಮಗುವನ್ನೂ ಎದುರಿಗೆ ಕೂಡಿಸಿಕೊಂಡು ಅಕ್ಷರ, ಪದ, ಸಣ್ಣ ಪರಿಚ್ಛೇದ, ಎರಡನೆಯ ತರಗತಿಯ ಮಟ್ಟದ ಕಥೆ ಓದಿಸುತ್ತಾರೆ. ದೇಶದ ಗ್ರಾಮೀಣ ಭಾಗದಲ್ಲಿ ಆ ಕಥೆಯನ್ನು ಓದಬಲ್ಲ ಐದನೆಯ ತರಗತಿಯ ಮಕ್ಕಳು 2018ರಲ್ಲಿ ಶೇ. 50.5ರಷ್ಟಿದ್ದರು. ಕೋವಿಡ್ ಕಳೆದ ಮೇಲೆ, 2022ರಲ್ಲಿ, ಶೇ. 42.8ಕ್ಕೆ ಇಳಿದರು. ಅದೇ ವರ್ಷ ಎಂಟನೆಯ ತರಗತಿಯವರಲ್ಲಿ ಶೇ. 69.6. ಎಂಟನೆಯ ತರಗತಿಯಲ್ಲಿ ಹತ್ತರಲ್ಲಿ ಮೂರು ಮಕ್ಕಳು ಎರಡನೆಯ ತರಗತಿಯ ಕಥೆಯಲ್ಲಿ ತೊಡರುತ್ತಿದ್ದಾರೆ ಎಂದರೆ, ಅವರಿಗೆ ಸಮಾಜ ವಿಜ್ಞಾನದ ಪುಸ್ತಕ ಹೇಗೆ ಕಂಡೀತು? ಕೇಂದ್ರದ ‘ಪರಖ್’ ಸಮೀಕ್ಷೆ 2024ರ ಡಿಸೆಂಬರ್ 4ರಂದು ಮೂರು, ಆರು, ಒಂಬತ್ತನೆಯ ತರಗತಿಗಳಲ್ಲಿ ನಡೆಯಿತು. ಅದು ಉತ್ತರ ಆರಿಸುವ ಮಾದರಿ. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಬರವಣಿಗೆಯನ್ನು ಇವು ಮುಟ್ಟುವುದೇ ಇಲ್ಲ. ಮಗು ನಾಲ್ಕು ವಾಕ್ಯ ಜೋಡಿಸಿ ಒಂದು ವಿಚಾರ ಹೇಳಬಲ್ಲುದೇ ಎಂದು ನೋಡುವವರು ವರ್ಗದ ಶಿಕ್ಷಕರೊಬ್ಬರೇ, ಅವರ ಮುಂದೆ ಐವತ್ತು ವಹಿ.

ಈ ಊರಿಗೆ ಸ್ಪರ್ಧಾತ್ಮಕ ಪರೀಕ್ಷೆಗಳ ಊರು ಎಂಬ ಹೆಸರೂ ಇದೆ. ಧಾರವಾಡದ ಸಪ್ತಾಪುರದ ರಸ್ತೆಗಳಲ್ಲಿ ಕೆಎಎಸ್, ಪಿಎಸ್ಐ ತರಬೇತಿಯ ಫಲಕಗಳು ಒಂದರ ಮೇಲೊಂದು. ಆ ಗಾಳಿ ಈಗ ಐದನೆಯ ತರಗತಿಯವರೆಗೂ ಬೀಸಿದೆ. ನವೋದಯ, ಮೊರಾರ್ಜಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಟ್ಯೂಷನ್ ಇದೆ, ಗೈಡ್ ಇದೆ, ಬೇಸಿಗೆ ಶಿಬಿರ ಇದೆ. ಇಷ್ಟಾದರೂ ನವೋದಯದ ಭಾಷಾ ಪರೀಕ್ಷೆಯನ್ನು ನಾನು ಮೆಚ್ಚುತ್ತೇನೆ. 2 ಗಂಟೆಯ ಆ ಪರೀಕ್ಷೆಯಲ್ಲಿ ಭಾಷೆಗೆ ಅರ್ಧ ಗಂಟೆ. ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ, ಒಟ್ಟು 25 ಅಂಕ. ನಾಲ್ಕೂ ಮಗು ಹಿಂದೆಂದೂ ಓದಿರದ ಭಾಗಗಳು. ಇಲ್ಲಿ ಕಂಠಪಾಠ ನಡೆಯುವುದಿಲ್ಲ. ಆದರೆ ತರಬೇತಿಯ ಕೊಠಡಿಗಳಲ್ಲಿ ಹೆಚ್ಚಿನ ಹೊತ್ತು ಮಾನಸಿಕ ಸಾಮರ್ಥ್ಯದ ಚಿತ್ರಗಳಿಗೆ, ಗಣಿತಕ್ಕೆ ಹೋಗುತ್ತದೆ. ‘ಕನ್ನಡ ಏನ್ ಬಿಡ್ರಿ, ಮಾತೃಭಾಷೆ, ಬಂದ ಬರ್ತದ’ ಎನ್ನುವ ಪಾಲಕರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮಾತು ತಾನಾಗಿ ಬರುತ್ತದೆ, ನಿಜ. ಓದು ಹಾಗೆ ಬರುವುದಿಲ್ಲ.

ಕನ್ನಡದ ಲಿಪಿಯೇ ಸಮಯ ಕೇಳುವ ಲಿಪಿ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಮಾಧ್ಯಮದ ಮಕ್ಕಳ ಓದನ್ನು ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನ ಇದನ್ನು ಸ್ಪಷ್ಟವಾಗಿ ತೋರಿಸಿತು. ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಸೇರಿದರೆ ಕಣ್ಣಿಗೆ ಬೀಳುವ ರೂಪಗಳು ನೂರಾರು. ಅವೆಲ್ಲ ಕೈವಶವಾಗಲು ಮಗುವಿಗೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು. ನಮ್ಮ ವೇಳಾಪಟ್ಟಿಯಾದರೋ ಮೂರನೆಯ ತರಗತಿಗೆ ನಲಿ-ಕಲಿ ಮುಗಿಯಿತು, ಇನ್ನು ಮಕ್ಕಳಿಗೆ ಓದು ಬಂತು ಎಂದು ನಂಬಿ ಮುಂದೆ ಸಾಗುತ್ತದೆ. ಆರನೆಯ ತರಗತಿಯಲ್ಲಿ ಅರ್ಕಾವತ್ತು ಕಂಡು ನಿಲ್ಲುವ ಮಗುವನ್ನು ದಡ್ಡ ಎನ್ನುವುದು ಅನ್ಯಾಯ. ದಿನಕ್ಕೆ ಹತ್ತು ನಿಮಿಷ ಗಟ್ಟಿ ಓದು ಈ ವಯಸ್ಸಿನಲ್ಲೂ ಬೇಕು.

ಇದರ ಮೇಲೆ ನಮ್ಮ ಮಾತಿನ ಪ್ರಶ್ನೆ. ಧಾರವಾಡ ಸೀಮೆಯ ಮಗು ಮನೆಯಲ್ಲಿ ‘ಮನಿ’ ಎನ್ನುತ್ತದೆ, ‘ಮಳಿ’ ಎನ್ನುತ್ತದೆ, ‘ಸಾಲಿ’ ಎನ್ನುತ್ತದೆ. ವಹಿಯಲ್ಲಿ ಹಾಗೇ ಬರೆದರೆ ಮೂರಕ್ಕೂ ಕೆಂಪು ಗೆರೆ. ಅದೇ ಮಗು ಮುಂದಿನ ಪುಟದಲ್ಲಿ ‘ತಲಿ’, ‘ಹಣಿ’, ‘ಬಾಳಿ’ ಎಂದು ಬರೆಯುತ್ತದೆ, ಮತ್ತೆ ಮೂರು ಗೆರೆ. ಇವು ಆರು ಬೇರೆ ಬೇರೆ ತಪ್ಪುಗಳಲ್ಲ. ಪುಸ್ತಕದಲ್ಲಿ ಎಕಾರದಿಂದ ಮುಗಿಯುವ ಶಬ್ದವನ್ನು ನಾವು ಇಕಾರದಿಂದ ಮುಗಿಸಿ ಆಡುತ್ತೇವೆ: ಇದೊಂದೇ ನಿಯಮ. ಎರಡು ಪಟ್ಟಿ ಅಕ್ಕಪಕ್ಕ ಬರೆಸಿ, ‘ಮನೆಯಲ್ಲಿ ಹೀಗೆ, ವಹಿಯಲ್ಲಿ ಹೀಗೆ’ ಎಂದು ಮಕ್ಕಳ ಕೈಯಿಂದಲೇ ಹುಡುಕಿಸಿದರೆ, ಒಂದು ವಾರದಲ್ಲಿ ಐವತ್ತು ಶಬ್ದ ತಾವಾಗಿ ತಿದ್ದಿಕೊಳ್ಳುತ್ತವೆ. ‘ಹೋಗ್ಯಾನ’ ಎಂಬುದು ‘ಹೋಗಿದ್ದಾನೆ’ ಆಗುವುದೂ, ‘ಬರಾಕತ್ತಾನ’ ಎಂಬುದು ‘ಬರುತ್ತಿದ್ದಾನೆ’ ಆಗುವುದೂ ಹೀಗೆಯೇ. ಶ-ಷ-ಸ, ಅಲ್ಪಪ್ರಾಣ-ಮಹಾಪ್ರಾಣಗಳ ಕಥೆ ಬೇರೆ. ಅಲ್ಲಿ ನಿಯಮ ಹೇಳಿ ಪ್ರಯೋಜನವಿಲ್ಲ, ಅಚ್ಚಿನಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದೇ ಅವು ನೆಲೆಯೂರಬೇಕು. ತಪ್ಪಿನ ಜಾತಿ ಗುರುತಿಸದೆ ಎಲ್ಲದಕ್ಕೂ ‘ಹತ್ತು ಸಲ ಬರಿ’ ಎಂದರೆ ಮಗುವಿಗೆ ತಾನಾಡುವ ಭಾಷೆಯೇ ತಪ್ಪು ಎಂಬ ಭಾವ ಬರುತ್ತದೆ. ಆಮೇಲೆ ಅದು ಬರೆಯುವುದನ್ನೇ ಕಡಿಮೆ ಮಾಡುತ್ತದೆ. ಹುಬ್ಬಳ್ಳಿಯಲ್ಲಿ ಉರ್ದು, ಲಂಬಾಣಿ, ಮರಾಠಿ, ತೆಲುಗು ಮನೆಮಾತಿನ ಮಕ್ಕಳೂ ಕನ್ನಡ ಮಾಧ್ಯಮದಲ್ಲಿ ಕುಳಿತಿರುತ್ತಾರೆ. ಜೀವವಿಲ್ಲದ ವಸ್ತುವಿಗೂ ಗಂಡು-ಹೆಣ್ಣಿನ ಭೇದವಿರುವ ಉರ್ದುವಿನಿಂದ ಬಂದ ಮಗು ‘ಬಂತು’ ಎನ್ನಬೇಕಾದಲ್ಲಿ ‘ಬಂದಳು’ ಎಂದು ಬರೆದರೆ, ಅಲ್ಲಿಯೂ ಒಂದು ಭಾಷೆಯ ವ್ಯಾಕರಣ ಕೆಲಸ ಮಾಡುತ್ತಿದೆ ಎಂದು ಶಿಕ್ಷಕರಿಗೆ ತಿಳಿದಿರಬೇಕು.

ಇನ್ನು ಓದಿ ಉತ್ತರಿಸುವ ರೂಢಿ. ನಮ್ಮ ಮಕ್ಕಳು ಗದ್ಯಭಾಗ ಓದುವ ಮೊದಲೇ ಪ್ರಶ್ನೆ ನೋಡುತ್ತಾರೆ, ಪ್ರಶ್ನೆಯ ಒಂದು ಪದ ಹಿಡಿದು ಗದ್ಯದಲ್ಲಿ ಅದೇ ಪದ ಎಲ್ಲಿದೆ ಎಂದು ಹುಡುಕುತ್ತಾರೆ, ಆ ಸಾಲನ್ನು ಇಡಿಯಾಗಿ ಇಳಿಸುತ್ತಾರೆ. ನಮ್ಮ ಪ್ರಶ್ನೆಪತ್ರಿಕೆಗಳು ಅದಕ್ಕೆ ಅಂಕವನ್ನೂ ಕೊಡುತ್ತವೆ. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆಯ 100 ಅಂಕದ ಬರಹ ಪರೀಕ್ಷೆಯಲ್ಲೂ ಅಪಠಿತ ಗದ್ಯಕ್ಕೆ ಸಿಗುವುದು ಸಣ್ಣ ಪಾಲು. ಕವಿ ಪರಿಚಯ, ಸಂದರ್ಭ, ಪದ್ಯ ಪೂರ್ಣಗೊಳಿಸುವುದು, ಪಾಠದ ಪ್ರಶ್ನೆಗಳು ಉಳಿದದ್ದನ್ನು ತುಂಬುತ್ತವೆ. ಹತ್ತನೆಯ ತರಗತಿಯ ಪತ್ರಿಕೆ ಹೇಗೋ ಏಳನೆಯ ತರಗತಿಯ ಪಾಠವೂ ಹಾಗೆ. ಧಾರವಾಡ ಜಿಲ್ಲಾಡಳಿತ ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಿಸಲು ‘ಮಿಷನ್ ವಿದ್ಯಾಕಾಶಿ’ ಕೈಗೊಂಡಿತು. ಕಳಕಳಿಯ ಕೆಲಸ, ನಿಜ, ಆದರೆ ಹತ್ತನೆಯ ತರಗತಿಯ ಹೊಸ್ತಿಲಲ್ಲಿ ಮಾಡುವ ಆ ಶ್ರಮದ ಅರ್ಧ ಐದು-ಆರನೆಯ ತರಗತಿಯ ಓದಿಗೆ ಹೋದರೆ ಫಲ ಹೆಚ್ಚು ಎಂದು ನನ್ನ ನಂಬಿಕೆ. ಮಾಡುವ ಬಗೆ ಕಷ್ಟದ್ದೇನಲ್ಲ. ವಾರಕ್ಕೆ ಎರಡು ಸಲ ಪಾಠಪುಸ್ತಕದಲ್ಲಿಲ್ಲದ ಒಂದು ಪುಟ ಕೊಡಿ: ಪತ್ರಿಕೆಯ ಸುದ್ದಿ, ಚಿಗರಿ ಬಸ್ಸಿನ ಪ್ರಯಾಣ ದರದ ಪಟ್ಟಿ, ಮಾತ್ರೆಯ ಡಬ್ಬಿಯ ಮೇಲಿನ ಸೂಚನೆ, ಒಂದು ಕಥೆಯ ಮೊದಲ ಪುಟ. ಓದಿದ ಮೇಲೆ ಪುಟ ಮುಚ್ಚಿಸಿ, ‘ಏನು ಹೇಳಿತು?’ ಎಂದು ಎರಡು ವಾಕ್ಯ ಹೇಳಿಸಿ. ಆಮೇಲೆ ಮಕ್ಕಳಿಂದಲೇ ಮೂರು ಪ್ರಶ್ನೆ ಮಾಡಿಸಿ. ಒಂದಕ್ಕೆ ಉತ್ತರ ಪುಟದಲ್ಲೇ ಇರಬೇಕು, ಇನ್ನೊಂದಕ್ಕೆ ಎರಡು ಸಾಲು ಕೂಡಿಸಿ ಯೋಚಿಸಬೇಕು, ಮತ್ತೊಂದಕ್ಕೆ ಉತ್ತರ ಪುಟದಲ್ಲಿ ಇರಲೇಬಾರದು. ಈ ಮೂರನೆಯ ಪ್ರಶ್ನೆ ಮಾಡಬಲ್ಲ ಮಗುವಿನ ಬಗ್ಗೆ ನನಗೆ ಪರೀಕ್ಷೆಯ ಚಿಂತೆ ಇರುವುದಿಲ್ಲ.

ರಾಜ್ಯದಲ್ಲಿ ಒಳ್ಳೆಯ ಪ್ರಯತ್ನಗಳು ಆಗಿಲ್ಲವೆಂದಲ್ಲ. ನಾಲ್ಕು-ಐದನೆಯ ತರಗತಿಯ ಮಕ್ಕಳನ್ನು ತರಗತಿಯ ಲೆಕ್ಕದಲ್ಲಿ ಕೂಡಿಸದೆ ಓದುವ ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸುವ ‘ಓದು ಕರ್ನಾಟಕ’ ಅಂಥದೊಂದು. ಕೋವಿಡ್ ನಂತರ 2022-23ರ ‘ಕಲಿಕಾ ಚೇತರಿಕೆ’ಯೂ ಹಿಂದೆ ಬಿದ್ದಲ್ಲಿಂದ ಹಿಡಿದೆತ್ತುವ ಯತ್ನವೇ. 2020ರ ಮಕ್ಕಳ ದಿನದಂದು ಶುರುವಾದ ‘ಓದುವ ಬೆಳಕು’ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಮಕ್ಕಳಿಗೆ ಉಚಿತವಾಗಿ ತೆರೆಯಿತು. ಕುಂದಗೋಳ, ಕಲಘಟಗಿಯ ಹಳ್ಳಿಯ ಹುಡುಗನಿಗೆ ಊರಲ್ಲೇ ಗ್ರಂಥಾಲಯದ ಸದಸ್ಯತ್ವ ಸಿಗುವಾಗ, ಹುಬ್ಬಳ್ಳಿಯ ಓಣಿಯ ಮಗುವಿಗೆ ನಡೆದು ಹೋಗುವಷ್ಟು ಹತ್ತಿರ ಅಂಥ ಜಾಗ ಬೇಡವೇ? ಶಿಕ್ಷಕರ ಪಾಡನ್ನೂ ಹೇಳಬೇಕು. ಬಿಸಿಯೂಟದ ಲೆಕ್ಕ, ಆ್ಯಪಿಗೆ ತುಂಬುವ ಮಾಹಿತಿ, ಚುನಾವಣೆ, 2025ರ ದಸರೆಯ ಹೊತ್ತಿನ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ, ಅದೇ ವರ್ಷ ಬಂದ ಪಾಠ ಆಧಾರಿತ ಮೌಲ್ಯಾಂಕನದ ದಾಖಲೆಗಳು. ಪ್ರತಿ ಪಾಠಕ್ಕೂ ಒಂದು ಕಿರುಪರೀಕ್ಷೆ, ಪ್ರತಿ ಪರೀಕ್ಷೆಗೂ ಒಂದು ನಮೂದು ಎಂದಾದಾಗ ವಹಿ ಓದಿ ಮಗುವಿನ ಜೊತೆ ಮಾತಾಡುವ ಹೊತ್ತು ಎಲ್ಲಿಂದ ಬರಬೇಕು? ಅಳೆಯುವ ಕೆಲಸ ಕಲಿಸುವ ಕೆಲಸವನ್ನು ತಿನ್ನಬಾರದು.

ಬರವಣಿಗೆಯ ಮಾತು ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ಆಸೆ ಹುಟ್ಟುವುದು ನನಗೆ ಅಲ್ಲಿಯೇ. ‘ನಾನು ನೋಡಿದ ಜಾತ್ರೆ’ ಎಂದು ಬರೆಯಲು ಹೇಳಿದ್ದೆ. ಒಬ್ಬ ಹುಡುಗ ಜಾತ್ರೆಗಳು ನಮ್ಮ ಸಂಸ್ಕೃತಿಯ ಪ್ರತೀಕಗಳು ಎಂದು ಆರಂಭಿಸಿ, ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಗೈಡಿನ ಪ್ರಬಂಧವನ್ನು ಒಂದು ಸಾಲೂ ಬಿಡದೆ ಇಳಿಸಿದ್ದ. ಇಂಥ ಉತ್ತರಕ್ಕೆ ನಾವು ಐದಕ್ಕೆ ನಾಲ್ಕು ಕೊಡುತ್ತ ಬಂದಿದ್ದೇವೆ. ಅವನನ್ನು ಪಕ್ಕಕ್ಕೆ ಕೂಡಿಸಿಕೊಂಡು, ಶಿವರಾತ್ರಿ ಮುಗಿದ ಮೇಲೆ ಸಿದ್ಧಾರೂಢ ಮಠದ ತೇರಿಗೆ ಹೋಗಿದ್ದೆಯಾ ಎಂದು ಕೇಳಿದೆ. ಮಾತು ಹರಿಯತೊಡಗಿತು: “ಹೋಗಿದ್ದೆ ರಿ. ಮಂದಿ ಅಂದ್ರ ಮಂದಿ. ತೇರಿಗೆ ಉತ್ತತ್ತಿ, ಬಾಳಿಹಣ್ಣ ಒಗೀತಾರ. ಒಂದ ಉತ್ತತ್ತಿ ಬಂದು ನಮ್ಮ ತಮ್ಮನ ಹಣಿಗೆ ಬಡೀತು.” ‘ಇದನ್ನೇ ಬರಿ’ ಎಂದೆ. ‘ಇದನ್ನ ಬರದ್ರ ಮಾರ್ಕ್ಸ್ ಕೊಡ್ತಾರೇನ್ರಿ?’ ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಪ್ರಶ್ನೆಪತ್ರಿಕೆ ತೆಗೆಯುವವರು, ಉತ್ತರಪತ್ರಿಕೆ ತಿದ್ದುವವರು.

ಅವನು ಮೊದಲು ಆಡಿದ ಹಾಗೇ ಬರೆದ. ಎರಡನೆಯ ಸಲ ಎರಡು ಪಟ್ಟಿ ಮುಂದಿಟ್ಟುಕೊಂಡು ‘ಒಗೀತಾರ’ ಎಂಬುದನ್ನು ‘ಎಸೆಯುತ್ತಾರೆ’ ಎಂದೂ, ‘ಹಣಿಗೆ’ ಎಂಬುದನ್ನು ‘ಹಣೆಗೆ’ ಎಂದೂ ತಿದ್ದಿದ. ‘ಉತ್ತತ್ತಿ’ಯನ್ನು ಹಾಗೇ ಇಡಲು ನಾನೇ ಹೇಳಿದೆ; ಅದಕ್ಕಿಂತ ಒಳ್ಳೆಯ ಮಾತು ಬೇಕಿರಲಿಲ್ಲ. ಆಮೇಲೆ ಅದನ್ನು ವರ್ಗಕ್ಕೆ ಓದಿ ಹೇಳಿಸಿದೆ. ತಪ್ಪು ಹುಡುಕಬೇಡಿ, ತಿಳಿಯದ್ದನ್ನು ಕೇಳಿ ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೆ. ಹೆಸರು ಯಾಕೆ ಬಿತ್ತುತ್ತಾರೆ ಎಂದು ಕೇಳಿದ್ದ ಹುಡುಗಿಯೇ ಕೈ ಎತ್ತಿದಳು: “ನಿಮ್ಮ ತಮ್ಮ ಅತ್ತನೇನು?” ಅವನು ಕೂಡಲೇ ಏನೂ ಹೇಳಲಿಲ್ಲ. ಕುಳಿತು, ಪುಟದ ಅಂಚಿನಲ್ಲಿ ಜಾಗ ಮಾಡಿಕೊಂಡು ಬರೆದ: ತಮ್ಮ ಅಳಲಿಲ್ಲ. ಉತ್ತತ್ತಿ ಎತ್ತಿಕೊಂಡು ತಿಂದ. ಅಪ್ಪ ಅವನನ್ನು ಹೆಗಲ ಮೇಲೆ ಕೂಡಿಸಿಕೊಂಡರು. ಅವನ ವಹಿಯಲ್ಲಿ ಅಲ್ಲಿಯವರೆಗೆ ಳ ಮತ್ತು ಲ ಅದಲುಬದಲಾಗದ ಪುಟವನ್ನು ನಾನು ಕಂಡಿರಲಿಲ್ಲ. ‘ಅಳಲಿಲ್ಲ’ ಎಂಬ ಮಾತಿನಲ್ಲಿ ಎರಡೂ ತಮ್ಮ ತಮ್ಮ ಜಾಗದಲ್ಲಿದ್ದವು.